ಕಲ್ಲು ಜರುಗಿಸುವ ಉಪಾಯ

ಮೀನು ನೋಡುತ್ತ ಕೂತರೆ ಮನಸ್ಸಿಗೆ ನೆಮ್ಮದಿ ಎನ್ನುವವರನ್ನು ಒಂದು ವಾರ ನನ್ನ ಜೊತೆ ಕೆಲಸಕ್ಕೆ ಕರೆದೊಯ್ಯಬೇಕೆಂದು ನನಗೆ ಬಹಳ ದಿನದಿಂದ ಆಸೆ. ಮನೆಗಳಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕುಗಳಲ್ಲಿ ಇಟ್ಟಿರುವ ಉಪ್ಪುನೀರಿನ ಅಕ್ವೇರಿಯಂಗಳನ್ನು ನೋಡಿಕೊಳ್ಳುವುದು ನನ್ನ ಕಸುಬು. ನೀರು ಬದಲಿಸುತ್ತೇನೆ, ಉಪ್ಪು ಅಳೆಯುತ್ತೇನೆ, ಗಾಜಿಗೆ ಹತ್ತಿದ ಪಾಚಿ ಕೆರೆಯುತ್ತೇನೆ. ಅದೆಲ್ಲ ಅರ್ಧ ಕೆಲಸ. ಉಳಿದರ್ಧ ಪಂಚಾಯಿತಿ. ಸೋಫಾದಲ್ಲಿ ಕೂತವರಿಗೆ ಬಣ್ಣಬಣ್ಣದ ಮೀನು ಓಡಾಡುವುದು ಕಂಡರೆ, ನನಗೆ ಕಾಣುವುದು ಯಾರು ಯಾರ ರೆಕ್ಕೆ ಹರಿದಿದ್ದಾರೆ, ಯಾರು ಎರಡು ದಿನದಿಂದ ಪಂಪಿನ ಹಿಂದೆ ಅಡಗಿ ಊಟಕ್ಕೆ ಬಂದಿಲ್ಲ ಎನ್ನುವುದು. ನಾಲ್ಕಡಿ ಗಾಜಿನ ಪೆಟ್ಟಿಗೆಗೆ ಸಮುದ್ರದ ನೀರು ತುಂಬಬಹುದು, ಉಪ್ಪು ತುಂಬಬಹುದು. ಸಮುದ್ರದಲ್ಲಿ ಜಗಳವಾದರೆ ಓಡಿಹೋಗುವುದಕ್ಕೆ ಇರುವ ಜಾಗವನ್ನು ಮಾತ್ರ ತುಂಬಲು ಬರುವುದಿಲ್ಲ.

ಹದಿನಾರು ವರ್ಷದ ಅನುಭವ ನನ್ನದು. ಎಂಥ ಪುಂಡ ಮೀನನ್ನೂ ದಾರಿಗೆ ತಂದಿದ್ದೇನೆ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವಂಥ ಉಪಾಯಗಳು ನನ್ನ ಬಳಿ ಮೂರು ನಾಲ್ಕಿವೆ. ಆ ಜಂಬ ನನಗಿತ್ತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು.

ಲಿಫ್ಟು ರಿಪೇರಿ ಮಾಡುವವರೊಬ್ಬರು ಒಮ್ಮೆ ನನಗೆ ಫೋನು ಮಾಡಿದರು. ಮನೆಯಲ್ಲಿ ಹೆಂಡತಿ ಇಟ್ಟುಕೊಂಡಿದ್ದ ಟ್ಯಾಂಕಿದೆ, ಹೆಂಡತಿ ಹೋಗಿ ಎರಡು ತಿಂಗಳಾಯಿತು, ನೀರು ಹಸಿರಾಗಿದೆ, ಏನು ಮಾಡಬೇಕೋ ತಿಳಿಯುತ್ತಿಲ್ಲ ಎಂದರು. ಹೋಗಿ ನೋಡಿದರೆ ಐದು ಮೀನಿನಲ್ಲಿ ಉಳಿದದ್ದು ಒಂದು. ಅಂಗೈಯಗಲದ ಹಳದಿ ಮೀನು. ಬಾಲದ ಬುಡದಲ್ಲಿ ಎರಡೂ ಕಡೆ ಸಣ್ಣ ಚಾಕುವಿನಂಥ ಮುಳ್ಳು. ಸಿಟ್ಟು ಬಂದರೆ ಪಕ್ಕಕ್ಕೆ ವಾಲಿ ಬಾಲ ಬೀಸುವ ಜಾತಿ. ತೀರಿಹೋದಾಕೆ ಅದಕ್ಕೆ ಅಮಲ್ದಾರ ಎಂದು ಹೆಸರಿಟ್ಟಿದ್ದಳಂತೆ. ಅದರ ಠೀವಿ ನೋಡಿದರೆ ಬೇರೆ ಹೆಸರು ಹೊಂದುತ್ತಲೂ ಇರಲಿಲ್ಲ.

ಅವರಿಗೆ ಒಬ್ಬಳು ಮಗಳು, ಆಗ ಒಂಬತ್ತು ವರ್ಷ. ಗುರುವಾರ ಗುರುವಾರ ನಾನು ಹೋದಾಗ ಬಕೆಟ್ಟು ಹಿಡಿಯುತ್ತಿದ್ದಳು, ಉಪ್ಪು ಕಲಸುತ್ತಿದ್ದಳು, ಒಣಗಿದ ಕಡಲಪಾಚಿಯ ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಅಮಲ್ದಾರನಿಗೆ ಊಟಕ್ಕಿಡುತ್ತಿದ್ದಳು. ನನ್ನನ್ನು ಮೀನಿನ ಆಂಟಿ ಎನ್ನುತ್ತಿದ್ದಳು. ಅವಳ ಅಪ್ಪ ಎರಡು ಮಾತಾಡುವ ಕಡೆ ಒಂದಾಡಿ, ಆ ಒಂದರಲ್ಲೂ ಅರ್ಧ ನುಂಗುವ ಮನುಷ್ಯ. ತಲೆಯೊಳಗಿನ ಗಡ್ಡೆಯಿಂದ ಹೆಂಡತಿ ತೀರಿಕೊಂಡಳು, ಕಡೆಯ ಎಂಟು ತಿಂಗಳು ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ ಎಂಬಷ್ಟನ್ನು ಹೇಳಲು ಅವರಿಗೆ ಒಂದು ವರ್ಷ ಹಿಡಿಯಿತು. ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಲು ಇನ್ನೊಂದು ವರ್ಷ. ನನಗೆ ನಲವತ್ತೊಂದಾಗಿತ್ತು. ಒಂಟಿ ಕೋಣೆಯಲ್ಲಿ ಟ್ಯಾಂಕಿನ ಪಂಪಿನ ಸದ್ದು ಕೇಳಿ ಕೇಳಿ ಸಾಕಾಗಿತ್ತು. ಹೂಂ ಎಂದೆ, ಮದುವೆಯಾಗಿ ಆ ಮನೆಗೆ ಬಂದೆ.

ಅಂದಿನಿಂದ ಹುಡುಗಿಯ ಬಾಯಿ ಹೊಲಿದಂತಾಯಿತು. ಕೂಗಲಿಲ್ಲ, ಅಳಲಿಲ್ಲ, ಎದುರು ಮಾತಾಡಲಿಲ್ಲ. ಊಟಕ್ಕೆ ಎರಡೇ ತಟ್ಟೆ ಇಡುತ್ತಿದ್ದಳು. ನನ್ನದನ್ನು ನಾನೇ ತಂದುಕೊಳ್ಳಬೇಕು. ನನಗೆ ಹೇಳಬೇಕಾದದ್ದನ್ನು ಅಪ್ಪನಿಗೆ ಹೇಳುತ್ತಿದ್ದಳು, ನಾನು ಅಲ್ಲೇ ಮೊಣಕೈ ದೂರದಲ್ಲಿದ್ದರೂ. ಇದು ನನಗೆ ಗೊತ್ತಿದ್ದ ಸಂಗತಿಯೇ. ಹಳೆಯ ಮೀನು ಹೊಸದನ್ನು ಬಂದೊಡನೆ ಕಚ್ಚುವುದಿಲ್ಲ, ಮೊದಲು ಊಟದ ಹತ್ತಿರ ಬಿಡುವುದಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ತಾಳ್ಮೆಯಿಂದಿದ್ದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಒಂದು ಚಾಳಿ ಮಾತ್ರ ನನ್ನನ್ನು ಉರಿಸುತ್ತಿತ್ತು. ಬೆಳಗ್ಗೆ ಎದ್ದವಳು ಹಿಂದಿನ ಕೋಣೆಯ ಮಂಚದಿಂದ ಹಾಲಿನ ಗೋಡೆಗಿರುವ ಟ್ಯಾಂಕಿನವರೆಗೆ ಕಣ್ಣು ಮುಚ್ಚಿಕೊಂಡು ನಡೆದು ಬರುತ್ತಿದ್ದಳು. ನಿಧಾನ ನಡಿಗೆ, ತುಟಿ ಅಲುಗುತ್ತಿರುತ್ತಿತ್ತು, ಬಲಗೈ ತನ್ನದೇ ಎಡಭುಜದ ಮೇಲೆ. ಎಲ್ಲಿಯೂ ಎಡವುತ್ತಿರಲಿಲ್ಲ. ಟ್ಯಾಂಕಿನ ಮುಂದೆ ಬಂದು ನಿಂತ ಮೇಲೆಯೇ ಕಣ್ಣು ತೆರೆಯುವುದು. ಬೆಳಗ್ಗೆ ಎದ್ದು ನನ್ನ ಮುಖ ನೋಡಬಾರದು ಅಂತ ತಾನೇ ಇದು ಎಂದು ಒಂದು ದಿನ ಇವರನ್ನು ಕೇಳಿದೆ. ಇವರು ಏನೋ ಮಕ್ಕಳಾಟ ಎಂದರು. ಹಗಲೆಲ್ಲ ಲಿಫ್ಟಿನ ಗುಂಡಿಯಲ್ಲಿರುವ ಮನುಷ್ಯನಿಗೆ ಮನೆಯೊಳಗಿನದು ಎಷ್ಟು ಗೊತ್ತಿರಲು ಸಾಧ್ಯ.

ಹೀಗಿರುವಾಗ ನನ್ನ ಹಳೆಯ ಕೋಣೆ ಖಾಲಿ ಮಾಡಬೇಕಾಗಿ ಬಂದು, ಅಲ್ಲಿದ್ದ ನನ್ನ ಕಂದು ಮೀನನ್ನು ಇಲ್ಲಿಗೆ ತಂದೆ. ಆರು ವರ್ಷದಿಂದ ನನ್ನ ಜೊತೆ ಇದ್ದದ್ದು. ದಿನವಿಡೀ ಬಗ್ಗಿಕೊಂಡು ಕಲ್ಲಿನ ಪಾಚಿ ಕೆರೆಯುತ್ತ ಇರುವುದರಿಂದ ಅದಕ್ಕೆ ಗುಮಾಸ್ತ ಎಂದು ಹೆಸರು. ಅಮಲ್ದಾರ ಅದನ್ನು ಕಂಡದ್ದೇ ತಡ, ಕಾಲು ಕೆರೆದು ಜಗಳಕ್ಕೆ ನಿಂತಿತು, ಮೀನಿಗೆ ಕಾಲಿಲ್ಲ ಎನ್ನುವುದೊಂದೇ ಕೊರತೆ. ನಾನು ಗುಮಾಸ್ತನನ್ನು ತೂತು ತೂತಿನ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಟ್ಯಾಂಕಿನೊಳಗೇ ತೂಗುಹಾಕಿದೆ. ನೋಡಲಿ, ವಾಸನೆ ಹಿಡಿಯಲಿ, ಕಚ್ಚಲಾಗದಿರಲಿ. ನಾಲ್ಕು ದಿನವೂ ಅಮಲ್ದಾರ ಪೆಟ್ಟಿಗೆಗೆ ಬಾಲದಲ್ಲಿ ಬಾರಿಸಿತು. ಐದನೆಯ ದಿನ ಹೊರಗಿನಿಂದ ಗಾಜಿಗೆ ಕನ್ನಡಿ ಅಂಟಿಸಿದೆ, ತನ್ನ ಮುಖ ಕಂಡು ತಾನೇ ಉರಿದುಬೀಳಲಿ ಎಂದು. ಅರ್ಧ ದಿನ ಉರಿದುಬಿದ್ದು, ಮತ್ತೆ ಪೆಟ್ಟಿಗೆಗೆ ಬಂತು. ಪೆಟ್ಟಿಗೆ ತೆರೆದ ಒಂದು ತಾಸಿನೊಳಗೆ ಗುಮಾಸ್ತನ ಬೆನ್ನಿನ ರೆಕ್ಕೆ ಹರಿದುಹೋಯಿತು.

ಇನ್ನುಳಿದದ್ದು ಕಲ್ಲು ಜರುಗಿಸುವ ಉಪಾಯ. ಟ್ಯಾಂಕಿನೊಳಗಿನ ಕಲ್ಲುಗಳನ್ನೆಲ್ಲ ಕಿತ್ತು, ಎಡದ್ದನ್ನು ಬಲಕ್ಕೆ, ಕೆಳಗಿನದನ್ನು ಮೇಲಕ್ಕೆ ಪೇರಿಸುವುದು. ಮೀನಿಗೆ ಈ ಗುಹೆ ನನ್ನದು, ಈ ಸಂದು ನನ್ನದು ಎಂಬ ಲೆಕ್ಕವಿರುತ್ತದೆ. ಕಲ್ಲು ಬದಲಾದರೆ ಆ ಲೆಕ್ಕ ಹೋಗುತ್ತದೆ. ತೋಳಿನವರೆಗೆ ಉಪ್ಪುನೀರಿನಲ್ಲಿ ಕೈಯಿಟ್ಟು ನಾನು ಕಲ್ಲು ಎತ್ತುತ್ತಿದ್ದಾಗ ಹುಡುಗಿ ಬಂದು ಪಕ್ಕದಲ್ಲಿ ನಿಂತಳು. ಎಷ್ಟೋ ತಿಂಗಳಿಂದ ನನ್ನೊಡನೆ ಮಾತಾಡದವಳು.

"ಕಲ್ಲು ಜರುಗಿಸಿದ್ರೆ ಅಮಲ್ದಾರನಿಗೆ ಏನಾಗುತ್ತೆ?"

"ತನ್ನ ಜಾಗ ಯಾವ್ದು ಅಂತ ಮರ್ತುಹೋಗುತ್ತೆ. ತಾನೂ ಹೊಸಬ ಅಂದ್ಕೊಳ್ಳುತ್ತೆ. ಹೊಸಬರು ಜಗಳ ಆಡಲ್ಲ, ಮಲಗೋಕೆ ಜಾಗ ಹುಡುಕ್ತಾರೆ."

"ಒಂದೇ ದಿನಕ್ಕೆ ಮರ್ತುಹೋಗುತ್ತಾ?"

"ಒಂದೇ ದಿನಕ್ಕೆ."

ಅವಳು ಸ್ವಲ್ಪ ಹೊತ್ತು ನೋಡಿ, ಪಾಪ ಎಂದಳು. ರೆಕ್ಕೆ ಹರಿದ ಗುಮಾಸ್ತನಿಗೆ ಹೇಳುತ್ತಿದ್ದಾಳೆ ಎಂದುಕೊಂಡೆ.

ಉಪಾಯ ಫಲಿಸಿತು. ಅಮಲ್ದಾರ ಎರಡು ದಿನ ಮಂಕಾಗಿ ಮೂಲೆ ಮೂಲೆ ಸುತ್ತಿತು, ಬಣ್ಣ ಕೊಂಚ ಕಳೆದುಕೊಂಡಿತು. ಮೂರನೆಯ ದಿನ ಎರಡೂ ಒಂದೇ ಹಾಳೆಗೆ ಬಾಯಿಟ್ಟು ಪಾಚಿ ತಿನ್ನುತ್ತಿದ್ದವು. ನನ್ನ ತಲೆ ಆಕಾಶಕ್ಕೆ ತಾಗಿತು.

ಅದೇ ವಾರ ಶಾಲೆಯವರು ಮಕ್ಕಳನ್ನು ಮೂರು ದಿನ ಪ್ರವಾಸಕ್ಕೆ ಕರೆದೊಯ್ದರು. ಹುಡುಗಿ ಬಸ್ಸು ಹತ್ತಿದ ಮಧ್ಯಾಹ್ನ ನಾನು ಇವರ ಮುಂದೆ ವಿಷಯವಿಟ್ಟೆ. ಈ ಮನೆಯಲ್ಲಿ ಒಂದೊಂದು ಕುರ್ಚಿಯೂ ನಿಮ್ಮ ಮೊದಲಿನ ಸಂಸಾರದ್ದು. ನಾನು ಎಲ್ಲಿ ಕೂತರೂ ಇನ್ನೊಬ್ಬರ ಜಾಗದಲ್ಲಿ ಕೂತಂತೆ. ಅವಳಿಗೂ ಹಾಗೇ ಕಾಣುತ್ತದೆ, ಅದಕ್ಕೇ ಕಾದಾಟ. ಎಲ್ಲವನ್ನೂ ಅದಲು ಬದಲು ಮಾಡೋಣ, ಮೂರು ಜನರೂ ಹೊಸಬರಾಗೋಣ. ನನಗೇನೂ ಒಳ್ಳೆಯದು ಬೇಡ. ಮುಂದಿನ ಕೋಣೆ, ದೊಡ್ಡ ಕಿಟಕಿಯದು, ಅವಳಿಗಿರಲಿ. ಹಿಂದಿನ ಕತ್ತಲೆ ಕೋಣೆ ನಮಗಿರಲಿ. ಹೀಗೆಲ್ಲ ಹೇಳಿದೆ. ಸುಳ್ಳಲ್ಲ, ಮನಸಾರೆ ಹೇಳಿದೆ.

ಇವರು "ಅವಳನ್ನ ಒಂದು ಮಾತು ಕೇಳ್ಬಹುದಿತ್ತು" ಎಂದರು.

"ಮೀನನ್ನ ಕೇಳಿ ಯಾರಾದ್ರೂ ಕಲ್ಲು ಜರುಗಿಸ್ತಾರಾ?" ಎಂದೆ. ನಕ್ಕು ಹೇಳಿದೆ. ಆ ನಗು ನೆನಪಾದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಮೂರು ದಿನ ಕತ್ತೆಯಂತೆ ದುಡಿದೆವು. ಅವಳ ಮಂಚ ಮುಂದಿನ ಕೋಣೆಯ ಕಿಟಕಿಗೆ ಬಂತು. ಹಾಲಿನ ನಡುವಿದ್ದ ಊಟದ ಮೇಜು ಅಡುಗೆಮನೆ ಬಾಗಿಲಿಗೆ ಹೋಯಿತು, ಕಪಾಟು ಹಾಲಿಗೆ ಬಂತು. ಗೋಡೆಗೆ ತಿಳಿ ಹಸಿರು ಹೊಡೆದೆವು. ವರ್ಷಗಟ್ಟಲೆ ಒಂದೇ ಕಡೆ ಇದ್ದ ಸಾಮಾನಿನ ಕಾಲುಗಳು ನೆಲದ ಮೇಲೆ ಕಪ್ಪು ಗುರುತು ಮಾಡಿದ್ದವು. ಟ್ಯಾಂಕಿನ ಪಾಚಿ ಕೆರೆಯುವ ನನ್ನ ಬ್ಲೇಡಿನಿಂದ ಒಂದೊಂದನ್ನೂ ಕೆರೆದು, ಸೋಪಿನ ನೀರಲ್ಲಿ ಉಜ್ಜಿ ತೆಗೆದೆ. ಕೆಲಸ ಹಿಡಿದರೆ ಅರ್ಧಕ್ಕೆ ಬಿಡುವವಳಲ್ಲ ನಾನು. ಟ್ಯಾಂಕು ಮಾತ್ರ ಇದ್ದಲ್ಲೇ ಉಳಿಯಿತು. ನೀರು ತುಂಬಿದ ಟ್ಯಾಂಕನ್ನು ನಾಲ್ಕಾಳು ಸೇರಿದರೂ ಜರುಗಿಸಲಾಗದು.

ಹುಡುಗಿ ಸಂಜೆ ಬಂದಳು. ಬಾಗಿಲಲ್ಲಿ ನಿಂತು ಹಾಲನ್ನೊಮ್ಮೆ ನೋಡಿದಳು. ಕಿಟಕಿಯ ಕೋಣೆ ನಿನ್ನದು, ಬಾ ತೋರಿಸುತ್ತೇನೆ ಎಂದು ನಾನು ಉತ್ಸಾಹದಿಂದ ಮುಂದೆ ಹೋದೆ. ಅವಳು ಬರಲಿಲ್ಲ. ಬ್ಯಾಗು ಇಳಿಸಿ ನೇರ ಹಿಂದಿನ ಕೋಣೆಗೆ ಹೋದಳು, ಮಂಚ ಇದ್ದ ಕಡೆ ನಿಂತು ಕಣ್ಣು ಮುಚ್ಚಿದಳು, ಬಲಗೈಯನ್ನು ಎಡಭುಜದ ಮೇಲಿಟ್ಟುಕೊಂಡು ನಡೆದಳು. ಬಾಗಿಲು ದಾಟಿದಳು. ಮೇಜು ಇರುತ್ತಿದ್ದ ಕಡೆ ಬಂದು ನಿಂತು ಒಂದು ಕೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ. ಗಾಳಿಯಲ್ಲಿ ತಡವರಿಸಿ, ಪಕ್ಕಕ್ಕೆ ತಿರುಗಿ ನಾಲ್ಕು ಹೆಜ್ಜೆಯಿಟ್ಟವಳು ಕಪಾಟಿಗೆ ಹಣೆ ಹೊಡೆದುಕೊಂಡಳು. ನಾನು ಓಡಿ ಹೋಗಿ ಹಿಡಿಯಬೇಕೆನ್ನುವಷ್ಟರಲ್ಲಿ ಮತ್ತೆ ಹಿಂದಿನ ಕೋಣೆಗೆ ಹೋಗಿ ಮೊದಲಿನಿಂದ ಶುರು ಮಾಡಿದ್ದಳು. ಎರಡನೆಯ ಸಲ ಮೊಣಕಾಲಿಗೆ ಪೆಟ್ಟಾಯಿತು. ಮೂರನೆಯ ಸಲ ಅವಳಪ್ಪ ಅಡ್ಡ ನಿಂತು ಅವಳನ್ನು ಅಪ್ಪಿ ಹಿಡಿದುಕೊಂಡರು.

ಆಗ ಅವಳು ಹೇಳಿದಳು. ಅಳಲಿಲ್ಲ. ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು.

"ಅಮ್ಮನ್ನ ಹೀಗೇ ಕರ್ಕೊಂಡು ಬರ್ತಿದ್ದೆ. ಮಂಚದಿಂದ ಬಾಗಿಲಿಗೆ ಆರು. ಬಾಗಿಲಿಂದ ಮೇಜಿಗೆ ಒಂಬತ್ತು. ಅಲ್ಲಿಂದ ಮೀನಿಗೆ ನಾಲ್ಕು. ಅಮ್ಮ ಹಿಂದೆ ಬರೋಳು, ಇಲ್ಲಿ ಕೈ ಇಟ್ಕೊಂಡು. ಅಮ್ಮ ಹೋದ್ಮೇಲೂ ಕಣ್ಣು ಮುಚ್ಕೊಂಡು ನಡೆದ್ರೆ ಆ ಕೈ ಇರ್ತಿತ್ತು."

ತಾವು ಕೆಲಸಕ್ಕೆ ಹೋದ ಮೇಲೆ, ಕಣ್ಣು ಕಾಣದ ಹೆಂಡತಿಯನ್ನು ಎಂಟೊಂಬತ್ತು ವರ್ಷದ ಮಗಳು ದಿನಕ್ಕೆರಡು ಸಲ ಹೆಜ್ಜೆ ಎಣಿಸಿ ಮೀನಿನ ಹತ್ತಿರ ಕರೆತರುತ್ತಿದ್ದದ್ದು ಇವರಿಗೇ ಗೊತ್ತಿರಲಿಲ್ಲ. ನನ್ನ ಮುಖ ನೋಡಬಾರದೆಂದು ಕಣ್ಣು ಮುಚ್ಚುತ್ತಾಳೆ ಎಂದುಕೊಂಡಿದ್ದೆ ನಾನು. ಆ ಕಣ್ಣು ಮುಚ್ಚಿದ ಹೊತ್ತಿನಲ್ಲಿ ನಾನು ಅಲ್ಲಿ ಇರಲೇ ಇಲ್ಲ.

ಮರುದಿನ ಇವರು ರಜೆ ಹಾಕಿದರು. ಎಲ್ಲವನ್ನೂ ಮೊದಲಿದ್ದ ಹಾಗೇ ಇಡುತ್ತೇವೆ ಎಂದು ಮಗಳಿಗೆ ಮಾತು ಕೊಟ್ಟರು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಲಿಫ್ಟಿನ ಬಾಗಿಲು ಮುಚ್ಚುವುದಿಲ್ಲ ಎನ್ನುವ ಮನುಷ್ಯ. ಅಳತೆಯ ಟೇಪು ಹಿಡಿದು ಮೊಣಕಾಲೂರಿ ನೆಲವನ್ನು ಹುಡುಕಿದರು. ನಾನೂ ಪಕ್ಕದಲ್ಲಿ ಮೊಣಕಾಲೂರಿದೆ. ಒಂದು ಗುರುತಾದರೂ ಉಳಿದಿದೆಯೇ ಎಂದು ಕೆನ್ನೆ ನೆಲಕ್ಕೆ ತಾಗಿಸಿ ನೋಡಿದೆ. ನೆಲ ಫಳಫಳ ಹೊಳೆಯುತ್ತಿತ್ತು. ಹಳೆಯ ಫೋಟೊಗಳನ್ನೆಲ್ಲ ತೆಗೆದು ನೋಡಿದೆವು. ಫೋಟೊಗಳಲ್ಲಿ ಎಲ್ಲರ ಮುಖಗಳಿದ್ದವು, ಮಂಚದ ಕಾಲು ಯಾವುದರಲ್ಲೂ ಇರಲಿಲ್ಲ.

ಅಂದಾಜಿನ ಮೇಲೆ ಮಂಚವನ್ನು ಹಿಂದಿನ ಕೋಣೆಗೆ ತಂದಿಟ್ಟೆವು. ಹುಡುಗಿ ಕಣ್ಣು ಮುಚ್ಚಿ ನಡೆದು, ಏಳಾಗುತ್ತಿದೆ ಎಂದಳು. ಮಂಚವನ್ನು ಬಾಗಿಲ ಕಡೆ ಎಳೆದೆವು. ಈಗ ಆರಾಯಿತು, ಆದರೆ ಆರನೆಯದು ಅರ್ಧ ಹೆಜ್ಜೆ. ತುಸು ಹಿಂದಕ್ಕೆ ತಳ್ಳಿದೆವು. ಮೇಜು ತಂದೆವು. ಒಂಬತ್ತಕ್ಕೆ ಎಂಟು ಬಂತು. ಮತ್ತೆ ಜರುಗಿಸಿದೆವು. ಅವಳೂ ತಾಳ್ಮೆಯಿಂದ ನಡೆದಳು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅದೆಷ್ಟು ಸಲ ನಡೆದಳೋ. ಒಂದೊಂದು ಸಲ ಅವಳು ನಿಂತು ತಲೆ ಓರೆ ಮಾಡಿದಾಗಲೂ ಈಗ ಬಂತೇನೋ ಎಂದುಕೊಳ್ಳುತ್ತಿದ್ದೆ. ನಾನು ಯಾವತ್ತೂ ಏನನ್ನೂ ಅಷ್ಟು ಬೇಡಿಕೊಂಡದ್ದಿಲ್ಲ. ಆ ತಾಯಿಯ ಕೈ ಬರಲಿ, ನನ್ನನ್ನು ಈ ಹುಡುಗಿ ಜನ್ಮವಿಡೀ ಮಾತಾಡಿಸದೆ ಇದ್ದರೂ ಇರಲಿ ಎಂದು ಬೇಡಿಕೊಂಡೆ.

ಕೊನೆಗೆ ಆರೂ ಆಯಿತು, ಒಂಬತ್ತೂ ಆಯಿತು, ನಾಲ್ಕೂ ಆಯಿತು. ಅವಳು ಟ್ಯಾಂಕಿನ ಮುಂದೆ ಕಣ್ಣು ಮುಚ್ಚಿಕೊಂಡೇ ನಿಂತಿದ್ದಳು. ಅವಳು ಕಣ್ಣು ತೆರೆದು ತನ್ನ ಕಾಲುಗಳನ್ನು ನೋಡಿಕೊಂಡಳು.

"ನನ್ನ ಕಾಲು ಉದ್ದ ಆಗಿದೆ, ಅಪ್ಪ. ಮೊದ್ಲು ಹೆಜ್ಜೆ ಚಿಕ್ಕದು ಮಾಡಿ ಇಡ್ತಿದ್ದೆ. ಎಷ್ಟು ಚಿಕ್ಕದು ಅಂತ ಮಂಚ ಮೇಜು ನೋಡಿ ಗೊತ್ತಾಗ್ತಿತ್ತು. ಈಗ ಹೆಜ್ಜೆ ತಪ್ಪೋ ಮಂಚ ತಪ್ಪೋ ಗೊತ್ತಾಗ್ತಿಲ್ಲ."

ಬಿಡಿ, ಸಾಕು ಎಂದು ಅವಳೇ ಹೇಳಿದಳು. ಅಪ್ಪನ ಕೈಯಿಂದ ಟೇಪು ತೆಗೆದು ಸುತ್ತಿ ಮೇಜಿನ ಮೇಲಿಟ್ಟಳು.

ಅವಳ ತಾಯಿಯ ತಂಗಿ, ಚಿಕ್ಕಮ್ಮ, ನಾಲ್ಕು ಬಸ್ ನಿಲ್ದಾಣದಾಚೆ ಇದ್ದಾರೆ. ಶಾಲೆಗೂ ಅಲ್ಲಿಂದ ಹತ್ತಿರ. ಆ ವಾರದ ಕೊನೆಗೆ, ಅಲ್ಲಿಗೆ ಹೋಗಿ ಇರುತ್ತೇನೆ ಎಂದು ಹುಡುಗಿ ಅಪ್ಪನಿಗೆ ಹೇಳಿದಳು. ಇವರು ಬೇಡವೆನ್ನಲೂ ಆರದೆ ಹೂಂ ಎನ್ನಲೂ ಆರದೆ ಕೂತರು. ನಾನು ಅವಳ ಮುಂದೆ ಹೋಗಿ ನಿಂತೆ. ಜೀವನದಲ್ಲಿ ಕ್ಷಮೆ ಕೇಳಿ ಅಭ್ಯಾಸವಿಲ್ಲದವಳು ನಾನು.

"ನನ್ನಿಂದ ತಪ್ಪಾಯ್ತು. ನೀನಿರು, ನಾನು ಹೋಗ್ತೀನಿ" ಎಂದೆ.

ಅವಳು ನನ್ನನ್ನು ನೋಡಿದಳು. ಮದುವೆಯಾದ ಮೇಲೆ ಮೊದಲ ಸಲ ನೇರ ಮುಖವೆತ್ತಿ ನೋಡಿದ್ದು.

"ನೀವು ಹೋದ್ರೆ ಅಮ್ಮನ ಕೈ ವಾಪಸ್ ಬರುತ್ತಾ, ಆಂಟಿ?" ಎಂದಳು. ಚುಚ್ಚಲಿಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದಳು.

ಅಪ್ಪ ಮಗಳು ಎರಡು ಚೀಲ ಹಿಡಿದು ಬಸ್ಸಿಗೆ ಹೋದ ಮೇಲೆ ನಾನು ಟ್ಯಾಂಕಿನ ಮುಂದೆ ಕೂತೆ. ಅವಳಿಗೆ ನಾನು ಹೇಳಿದ್ದು ಪೂರ್ತಿ ನಿಜವಲ್ಲ. ಹದಿನಾರು ವರ್ಷ ನೋಡಿದವಳಿಗೆ ಅಷ್ಟು ಗೊತ್ತಿರಬೇಕಿತ್ತು. ಕಲ್ಲು ಜರುಗಿಸಿದರೆ ಮೀನು ಮರೆಯುವುದಿಲ್ಲ, ಅದಕ್ಕೆ ದಿಕ್ಕು ತಪ್ಪುತ್ತದೆ ಅಷ್ಟೆ. ದಿಕ್ಕು ತಪ್ಪಿದವರಿಗೆ ಜಗಳವಾಡುವ ಶಕ್ತಿಯಿರುವುದಿಲ್ಲ. ಅದನ್ನು ನಾವು ಹೊಂದಾಣಿಕೆ ಎಂದು ಕರೆದು ಕೈ ತೊಳೆದುಕೊಳ್ಳುತ್ತೇವೆ. ಈಗಲೂ ಗಿರಾಕಿಗಳ ಮನೆಗಳಲ್ಲಿ ಕಲ್ಲು ಜರುಗಿಸುತ್ತೇನೆ, ಹೊಟ್ಟೆಪಾಡು. ಮೊದಲಿನ ಹಾಗೆ ಅದರ ಬಗ್ಗೆ ಭಾಷಣ ಕೊಡುವುದಿಲ್ಲ.

ನಾಲ್ಕನೆಯ ಭಾನುವಾರ ಹುಡುಗಿ ಊಟಕ್ಕೆ ಬಂದಳು. ಇವರು ಆಗಷ್ಟೆ ಸ್ನಾನಕ್ಕೆ ಹೋಗಿದ್ದರು. ಬಾಗಿಲಿನ ಕೀಲಿ ಅವಳ ಬಳಿಯೂ ಇದೆ. ಆದರೂ ಬೆಲ್ಲು ಒತ್ತಿದಳು. ನಾನು ತೆರೆದೆ. ಚೆನ್ನಾಗಿದ್ದೀರಾ ಎಂದು ಕೇಳಿದಳು. ಚಪ್ಪಲಿಯನ್ನು ಹೊರಗೆ ಗೋಡೆಗೊತ್ತಿ ಜೋಡಿಸಿ ಬಿಟ್ಟಳು. ಅವಳ ಮುಖದಲ್ಲಿ ಮುನಿಸಿನ ಒಂದು ಗೆರೆಯೂ ಇರಲಿಲ್ಲ. ಎಷ್ಟೋ ತಿಂಗಳು ನಾನು ಬಯಸಿದ್ದು ಇಂಥ ಮುಖವನ್ನೇ. ಒಳಗೆ ಬಂದು ಹಾಲಿನ ನಡುವೆ, ಕೈಗಳನ್ನು ಮುಂದೆ ಕಟ್ಟಿಕೊಂಡು ನಿಂತಳು.

"ಆಂಟಿ, ನಾನು ಎಲ್ಲಿ ಕೂತ್ಕೊಳ್ಳಲಿ?" ಎಂದಳು.

ಎಲ್ಲಿ ಬೇಕಾದರೂ ಕೂತುಕೋ ಮಗಾ, ಇದು ನಿನ್ನ ಮನೆ ಎಂದೆ. ಅವಳು ಸುತ್ತ ನೋಡಿದಳು. ಅಪ್ಪ ಸ್ನಾನ ಮುಗಿಸಿ ಬಂದು ಕೈ ಹಿಡಿದು ಕೂರಿಸುವವರೆಗೂ ನಿಂತೇ ಇದ್ದಳು.